ಕಿವಿಕಲ್ಲು

ಸಹಿ ಹಾಕುವುದಕ್ಕೆ ಸಂಜೆ ಐದರವರೆಗೆ ಹೊತ್ತಿತ್ತು. ಕಾಗದ ಮಾತ್ರ ಬೆಳಿಗ್ಗೆ ಒಂಬತ್ತಕ್ಕೇ ಕೈಗೆ ಬಂತು. ಅರ್ಧ ಪುಟ, ಒಂದೇ ವಾಕ್ಯ: ಮೊದಲ ಓದುಗರ ಎಣಿಕೆಯನ್ನು ನೋಡದೆ, ಯಾರ ನೆರವನ್ನೂ ಪಡೆಯದೆ, ಈ ಆರುನೂರ ನಲವತ್ತು ಮೀನುಗಳ ವಯಸ್ಸನ್ನು ನಾನು ಸ್ವತಃ ಓದಿದ್ದೇನೆ. ಕೆಳಗೊಂದು ಗೆರೆ, ಗೆರೆಯಡಿ 'ಎರಡನೆಯ ಓದುಗ' ಎಂದು ಅಚ್ಚು. ಪ್ರಬಂಧ ಪತ್ರಿಕೆಗೆ ಹೋಗುವಾಗ ಇದೂ ಜೊತೆಗೆ ಹೋಗಬೇಕಂತೆ. ಅವನು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲು ಹತ್ತಿದ. ಮಡಚಬಾರದಿತ್ತು ಎಂದು ಎರಡನೆಯ ಮಹಡಿಯಲ್ಲಿ ಹೊಳೆದು ಹೊರಗೆ ತೆಗೆದ. ಗೋಡೆಗೆ ಒತ್ತಿ ಅಂಗೈಯಿಂದ ಸವರಿದ. ಮಡಿಕೆ ಹೋಗಲಿಲ್ಲ, ಅಂಗೈ ಬೆವರಿಗೆ ಮೂಲೆ ಒದ್ದೆಯಾಯಿತು. ಹಿಂದಿನಿಂದ ಬಂದ ಕ್ಲಾಸಿನ ಹುಡುಗಿಯರಿಬ್ಬರು, "ಏನೋ, ಗೋಡೆಗೆ ಇಸ್ತ್ರಿ ಮಾಡ್ತಿದ್ದೀಯಾ?" ಎಂದು ನಕ್ಕು ದಾಟಿಹೋದರು. ಅವನೂ ನಕ್ಕ. ನಗು ಮುಖದಿಂದ ಇಳಿಯದೆ ಮೂರನೆಯ ಮಹಡಿಯವರೆಗೆ ಹಾಗೇ ಅಂಟಿಕೊಂಡು ಬಂತು. ಪ್ರಯೋಗಾಲಯದ ಬಾಗಿಲ ಗಾಜಿನಲ್ಲಿ ಅದನ್ನು ಕಂಡು ಅವನಿಗೇ ಅಸಹ್ಯವಾಯಿತು.

ಒಳಗೆ ಅಂಟಿನ ವಾಸನೆ. ಮೀನಿನ ತಲೆಯೊಳಗೆ, ಎರಡೂ ಕಿವಿಯ ಹತ್ತಿರ, ಅಕ್ಕಿಕಾಳಿನಷ್ಟು ಒಂದೊಂದು ಕಲ್ಲಿರುತ್ತದೆ. ಅದನ್ನು ತೆಗೆದು, ಅಂಟಿನಲ್ಲಿ ಕೂರಿಸಿ, ಕಾಗದದಷ್ಟು ತೆಳುವಾಗಿ ಸೀಳಿ, ಉಜ್ಜಿ, ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಉಂಗುರಗಳು ಕಾಣುತ್ತವೆ. ವರ್ಷಕ್ಕೊಂದು ಉಂಗುರ. ಎಣಿಸಿದರೆ ಮೀನಿನ ವಯಸ್ಸು. ಇಷ್ಟೇ. ಹೇಳುವಾಗ ಎಷ್ಟು ಸುಲಭ. ಪ್ರೊಫೆಸರರು ಮೊದಲ ದಿನ ಹೀಗೇ ಹೇಳಿದ್ದರು. ಡಿಗ್ರಿ ಎರಡನೆಯ ವರ್ಷದವನು ಸಂಶೋಧನೆ ಮಾಡುತ್ತೇನೆಂದು ಬಾಗಿಲು ತಟ್ಟಿದಾಗ ಅವರು ಕನ್ನಡಕ ಹಣೆಗೇರಿಸಿ, "ಎಣಿಸೋಕೆ ಬರುತ್ತೇನಯ್ಯಾ?" ಎಂದು ಕೇಳಿದ್ದರು. "ಬರುತ್ತೆ ಸರ್." "ಎಷ್ಟರವರೆಗೆ?" ಅವನು ನಿಜಕ್ಕೂ ಯೋಚಿಸಿ, "ಎಷ್ಟರವರೆಗೆ ಬೇಕಾದ್ರೂ ಸರ್" ಎಂದಿದ್ದ. ಕೋಣೆಯಲ್ಲಿದ್ದ ಮೂವರೂ ನಕ್ಕಿದ್ದರು. ಆ ನಗುವಿನಲ್ಲಿ ಅಕ್ಕನದೂ ಇತ್ತು. ಎಲ್ಲರೂ ಅವಳನ್ನು ಕರೆಯುವುದು ಅಕ್ಕ ಎಂದೇ. ಆರು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು, ನಡುವೆ ಒಂದು ಮಗು ಹೆತ್ತು, ಮತ್ತೆ ಬಂದು ಅದೇ ಸ್ಟೂಲಿನ ಮೇಲೆ ಕೂತಿರುವ ಸಂಶೋಧಕಿ. ಮೊದಲ ಓದುಗಿ ಅವಳೇ. ಅವಳು ಓದಿದ್ದನ್ನು ಇನ್ನೊಬ್ಬ, ಅವಳ ಅಂಕಿ ನೋಡದೆ, ಮತ್ತೆ ಓದಬೇಕು. ಎರಡೂ ಕೂಡಿದರೆ ಓದು ನಿಜ ಎಂದು ಲೆಕ್ಕ.

ಮೊದಲ ಎರಡು ತಿಂಗಳು ಕೂಡಲೇ ಇಲ್ಲ. ಅವಳು ನಾಲ್ಕು ಎಂದಲ್ಲಿ ಅವನು ಎಂಟು ಎಂದ, ಅವಳು ಆರು ಎಂದಲ್ಲಿ ಮೂರು. ಕಣ್ಣು ಒತ್ತಿಟ್ಟು ನೋಡಿದರೆ ಕೆಳಗೆ ಬೂದು ಬಣ್ಣದ ಒಂದು ಕೆಸರು, ಅದರೊಳಗೆ ಉಂಗುರ ಎಂದರೂ ಆಯಿತು, ಗೀರು ಎಂದರೂ ಆಯಿತು. "ಕಣ್ಣಿದೆಯೋ, ಗೋಲಿ ಅಂಟಿಸ್ಕೊಂಡು ಬಂದಿದ್ದೀಯೋ?" ಎಂದಳು ಅಕ್ಕ ಒಂದು ದಿನ, ಎಲ್ಲರ ಮುಂದೆ. ಅವನ ಜೊತೆ ಸೇರಿಕೊಂಡಿದ್ದ ಮೂವರು ಸಹಪಾಠಿಗಳು ಅಷ್ಟರಲ್ಲಿ ಬಿಟ್ಟುಹೋಗಿದ್ದರು. ಒಬ್ಬನಿಗೆ ತಲೆನೋವು, ಒಬ್ಬನಿಗೆ ಆಟ, ಒಬ್ಬಳಿಗೆ ಮೀನಿನ ವಾಸನೆ ಆಗದು. ಅವನಿಗೂ ಬಿಡಬೇಕೆನಿಸಿತ್ತು. ಆದರೆ ಮನೆಯಲ್ಲಿ ಹೇಳಿಬಿಟ್ಟಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದಿನಕ್ಕೆ ಮುನ್ನೂರು ಹಾಸಿಗೆವಸ್ತ್ರ ಮಡಿಸುವ ಅಮ್ಮ, ಆ ಕೋಣೆಯ ಎಲ್ಲರಿಗೂ, ಮೇಲ್ವಿಚಾರಕಿಗೂ, ಮಗ ಸಂಶೋಧನೆಗೆ ಸೇರಿದ ಸುದ್ದಿ ಹಂಚಿ ಬಂದಿದ್ದಳು. "ನಿನ್ನ ಹೆಸರು ಅಚ್ಚು ಹಾಕುವಾಗ ದೊಡ್ಡಕ್ಷರದಲ್ಲಿ ಹಾಕ್ತಾರಾ, ಸಣ್ಣಕ್ಷರದಲ್ಲಾ?" ಎಂದು ಕೇಳಿದ್ದಳು. "ಎಲ್ಲರದ್ದೂ ಒಂದೇ ಅಳತೆ ಅಮ್ಮ." "ಪ್ರೊಫೆಸರದ್ದೂ?" "ಹೂಂ." ಅವಳು ಕೈಲಿದ್ದ ಲೋಟ ಕೆಳಗಿಟ್ಟು ಗೋಡೆ ನೋಡುತ್ತ ಕೂತಿದ್ದಳು. ಅಪ್ಪ ಮಾತ್ರ, "ಮೀನಿನ ಕಿವೀಲಿ ಕಲ್ಲಿದೆ ಅಂತ ಹೇಳೋಕೆ ಅಷ್ಟು ದೊಡ್ಡ ಕಟ್ಟಡ ಬೇಕಿತ್ತಾ? ಇವನ ಕಿವೀಲೂ ಇದೆ. ಹತ್ತು ಸಲ ಕೂಗಿದರೂ ಕೇಳಲ್ಲ" ಎಂದಿದ್ದ.

ಎಣಿಕೆ ಕೂಡತೊಡಗಿದ್ದು ಮೂರನೆಯ ತಿಂಗಳಲ್ಲಿ. ಒಂದೊಂದು ಗಾಜಿನ ಪಟ್ಟಿಯೂ ಒಂದೊಂದು ಸಣ್ಣ ಲಕೋಟೆಯಲ್ಲಿ. ಲಕೋಟೆಯ ಮೇಲೆ ಮೀನಿನ ಸಂಖ್ಯೆ, ಹಿಡಿದ ದಿನ, ಮೀನಿನ ಉದ್ದ. ಬಲ ಮೂಲೆಯಲ್ಲಿ ಅಕ್ಕ ಪೆನ್ಸಿಲಿನಲ್ಲಿ ಬರೆದ ಎಣಿಕೆ, ಅದರ ಮೇಲೆ ಕಾಣದಂತೆ ಅಂಟಿಸಿದ ಬಿಳಿ ಕಾಗದದ ಚೂರು. ಒಂದು ಮಧ್ಯಾಹ್ನ ಅವನು ಖಾಲಿ ಲಕೋಟೆಯನ್ನು, ಕೈ ಖಾಲಿಯಿಲ್ಲದೆ, ಸೂಕ್ಷ್ಮದರ್ಶಕದ ದೀಪದ ಮೇಲೆ ಇಟ್ಟ. ಬೆಳಕು ಕಾಗದದ ಚೂರನ್ನು ದಾಟಿ ಬಂತು. ಐದು. ಬೇಕೆಂದು ಇಟ್ಟದ್ದಲ್ಲ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಈಗ ಅದು ಸುಳ್ಳೆಂಬಂತೆ ಕೇಳಿಸುತ್ತಿತ್ತು. ಆಮೇಲೆ ಕಣ್ಣು ಒತ್ತಿಟ್ಟ. ಐದು ಉಂಗುರ ಇತ್ತು. ಅದೇ ಕೆಸರಿನಲ್ಲಿ, ಒಂದರ ಸುತ್ತ ಒಂದು, ಚೊಕ್ಕವಾಗಿ ಐದು. ಮರುದಿನವೂ ಇಟ್ಟ. ಅಂಕಿ ತಿಳಿದ ಮೇಲೆ ಉಂಗುರ ತಾನಾಗಿ ಎದ್ದು ಬರುತ್ತಿತ್ತು. ಅವನು ಅಂಕಿಯನ್ನು ನಕಲು ಮಾಡಲಿಲ್ಲ, ಪ್ರತಿಯೊಂದನ್ನೂ ನೋಡಿಯೇ ಬರೆದ. ಕಂಡದ್ದನ್ನೇ ಬರೆದ. ಕಳ್ಳತನ ಎಲ್ಲಿಂದ ಶುರುವಾಯಿತು? ನೂರಕ್ಕೆ ತೊಂಬತ್ತಾರು ಕೂಡಿತು. "ಇವನಿಗೆ ಕಣ್ಣು ಬಂತು" ಎಂದರು ಪ್ರೊಫೆಸರರು, ಅವನ ಭುಜ ಹಿಡಿದು ಅಲ್ಲಾಡಿಸಿ. ಅಕ್ಕ ಅವತ್ತು ತನ್ನ ಊಟದ ಡಬ್ಬಿಯಿಂದ ಅರ್ಧ ಅವನಿಗೆ ಹಾಕಿದ್ದಳು.

ಅಪ್ಪ ಕೆಲಸ ಮಾಡುವುದು ಲಾರಿಗಳ ಟೈರು ಅಂಗಡಿಯಲ್ಲಿ. ಟೈರಿನ ಮೇಲೆ ಅಂಗೈ ಸವರಿ ಕಣ್ಣು ಮುಚ್ಚಿ, "ನಲವತ್ತೆರಡು ಸಾವಿರ ಕಿಲೋಮೀಟರು ಓಡಿದೆ" ಎನ್ನುತ್ತಿದ್ದ. ಡ್ರೈವರುಗಳು ಬಾಯಿ ಬಿಡುತ್ತಿದ್ದರು. ಅವನಿಗೆ ಹತ್ತು ವರ್ಷವಿದ್ದಾಗ ಒಂದು ದಿನ ಅಂಗಡಿಯಲ್ಲಿ ಕೂತಿದ್ದ. ಅಪ್ಪ ಗಾಡಿಯ ಬಾಗಿಲು ತೆಗೆದು ಏನೋ ಹುಡುಕುವಂತೆ ಬಗ್ಗಿ, ಮೀಟರು ನೋಡಿ, ಬಾಗಿಲು ಹಾಕಿ, ಆಮೇಲೆ ಟೈರಿಗೆ ಕೈ ಹಚ್ಚಿದ್ದು ಕಂಡಿತ್ತು. ಮನೆಗೆ ಬರುವ ದಾರಿಯಲ್ಲಿ ಕೇಳಿದ್ದ. ಅಪ್ಪ ಸಿಟ್ಟಾಗಲಿಲ್ಲ. "ಮೀಟರು ನೋಡಿದ ಮೇಲೆ ಕೈಗೂ ಗೊತ್ತಾಗುತ್ತೆ ಕಣೋ. ಸುಳ್ಳಲ್ಲ ಅದು" ಎಂದಿದ್ದ. ಸ್ವಲ್ಪ ದೂರ ನಡೆದು, "ನಿಮ್ಮಮ್ಮನಿಗೆ ಹೇಳಬೇಡ" ಎಂದೂ ಸೇರಿಸಿದ್ದ. ಅವನು ಅಪ್ಪನನ್ನು ಆ ಒಂದು ಸಂಜೆ ಬಹಳ ಕೀಳಾಗಿ ಕಂಡಿದ್ದ. ಹತ್ತು ವರ್ಷದವನಿಗೆ ಎಷ್ಟು ನಿಷ್ಠುರ ಇರುತ್ತದೆ.

ಇದೆಲ್ಲ ಟೈರಿನ ಮಟ್ಟದಲ್ಲಿ ಮುಗಿಯುವುದಾಗಿದ್ದರೆ ಸಹಿ ಹಾಕಿ ಮುಗಿಸುತ್ತಿದ್ದನೇನೋ. ಆದರೆ ಮೀನು ಎಷ್ಟು ವರ್ಷಕ್ಕೆ ಮೊಟ್ಟೆ ಇಡುತ್ತದೆ, ಎಷ್ಟು ವರ್ಷದ್ದನ್ನು ಹಿಡಿಯಬಹುದು, ಬಲೆಯ ಕಣ್ಣು ಎಷ್ಟಗಲ ಇರಬೇಕು ಎಂದು ಇಲಾಖೆ ಈ ಪ್ರಬಂಧ ನೋಡಿ ಗೊತ್ತುಮಾಡುತ್ತದಂತೆ. ಮೀನು ತರಲು ಬಂದರಿಗೆ ಹೋದಾಗ ಒಬ್ಬ ಮುದುಕ ಬಲೆ ಹೊಲಿಯುತ್ತ, "ನೀವು ಓದಿದವರು, ಸರಿಯಾಗಿ ಎಣಿಸಿ ಮಾರಾಯ್ರೇ. ನೀವು ಒಂದು ತಪ್ಪಿದರೆ ನಾನು ಇದನ್ನೆಲ್ಲ ಬಿಚ್ಚಿ ಹೊಲೀಬೇಕು" ಎಂದಿದ್ದ. ತಮಾಷೆಗೆ ಹೇಳಿದ್ದು. ಅವನಿಗೆ ಆ ರಾತ್ರಿ ಊಟ ಸೇರಿರಲಿಲ್ಲ.

ಮಧ್ಯಾಹ್ನ ಅಕ್ಕ ಕಲ್ಲು ಸೀಳುವ ಕೋಣೆಯಲ್ಲಿ ಒಬ್ಬಳೇ ಇದ್ದಳು. ಯಂತ್ರದ ಗರಗಸಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಹೇಳಬೇಕಾದದ್ದನ್ನು ಅವನು ಮೆಟ್ಟಿಲಿನಲ್ಲೇ ಜೋಡಿಸಿಕೊಂಡಿದ್ದ. ಬಾಯಿ ತೆರೆದಾಗ ಎಲ್ಲ ತಿರುಗುಮುರುಗಾಗಿ, "ಅಕ್ಕಾ, ಆ ಕಾಗದದ ಚೂರು ಬಹಳ ತೆಳು" ಎಂದ.

"ಯಾವ ಚೂರು?"

"ಲಕೋಟೆ ಮೇಲಿನದು. ದೀಪದ ಮೇಲಿಟ್ರೆ ನಿಮ್ಮ ನಂಬರು ಕಾಣುತ್ತೆ."

ಅವಳು ಯಂತ್ರ ನಿಲ್ಲಿಸಿದಳು. "ನೀನು ಇಟ್ಟೆಯಾ?"

"ಒಂದು ಸಲ ಅಕಸ್ಮಾತ್ತಾಗಿ. ಆಮೇಲೆ..."

"ಆಮೇಲೆ?"

"ಎಲ್ಲದಕ್ಕೂ."

ಅಕ್ಕ ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ. ಬೈಗುಳ ಬಂದಿದ್ದರೆ ಚೆನ್ನಾಗಿತ್ತು. ಅವಳು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು. "ನಾಲ್ಕು ತಿಂಗಳು ಅಕ್ಕಾ ಅಕ್ಕಾ ಅಂತ ಹಿಂದೆ ತಿರುಗಿದೆಯಲ್ಲೋ. ನನ್ನ ಡಬ್ಬೀಲಿ ಉಂಡೆಯಲ್ಲೋ" ಎಂದಳು, ಸಿಟ್ಟಿಲ್ಲದೆ, ಯಾವುದೋ ಪಟ್ಟಿ ಓದುವಂತೆ. ಆಮೇಲೆ, "ಪರವಾಗಿಲ್ಲ. ನನ್ನ ಓದು ಸರಿ ಇದ್ದರೆ ನೀನು ನೋಡಿ ಬರೆದರೇನು, ನೋಡದೆ ಬರೆದರೇನು. ಬಾ, ಈಗಲೇ ತೋರಿಸ್ತೀನಿ. ಹತ್ತು ಲಕೋಟೆ ತಗೋ. ಪಟ್ಟಿ ಮಾತ್ರ ನನಗೆ ಕೊಡು, ಲಕೋಟೆ ನಿನ್ನ ಹತ್ರ ಇರಲಿ. ನಾನು ಓದಿ ಹೇಳ್ತೀನಿ, ನೀನು ಕೂಡಿಸಿ ನೋಡು" ಎಂದಳು.

ಅವನು ಬೆನ್ನು ತಿರುಗಿಸಿ ನಿಂತು ಚೂರುಗಳನ್ನು ಉಗುರಿನಿಂದ ಕಿತ್ತ. ಅಕ್ಕ ಮೂಲೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಓದತೊಡಗಿದಳು. "ನಾಲ್ಕು." ಲಕೋಟೆಯಲ್ಲಿ ನಾಲ್ಕೇ ಇತ್ತು. ಅವನಿಗೆ ಉಸಿರು ಬಂತು. "ಆರು." ಲಕೋಟೆಯಲ್ಲಿ ಮೂರು. ತಾನು ಲಕೋಟೆ ಅದಲುಬದಲು ಮಾಡಿರಬೇಕು ಎಂದುಕೊಂಡ. "ಸರಿ ಇದೆ ಅಕ್ಕಾ" ಎಂದ. "ಐದು." ಎಂಟು. "ಸರಿ ಇದೆ." "ಇದು... ಐದು. ಅಲ್ಲ, ಆರು." ಮೂರು. "ಸರಿ." ಅವನ ದನಿ ಎಲ್ಲಿಯೋ ಸಣ್ಣಗಾಗಿರಬೇಕು. ಅವಳು ಕಣ್ಣೆತ್ತದೆ ಕೈ ಮಾತ್ರ ಹಿಂದಕ್ಕೆ ಚಾಚಿದಳು. ಅವನು ಕೊಡಲಿಲ್ಲ. ಅವಳು ಎದ್ದು ಬಂದು, ಮಕ್ಕಳ ಮುಷ್ಟಿ ಬಿಡಿಸುವಂತೆ ಒಂದೊಂದೇ ಬೆರಳು ಬಿಡಿಸಿ ಲಕೋಟೆಗಳನ್ನು ತೆಗೆದುಕೊಂಡಳು.

ಅವನ್ನು ಮಗುಚಿಟ್ಟು ಉಳಿದ ಆರು ಪಟ್ಟಿಗಳನ್ನೂ ಓದಿ, ತಾನೇ ಕೂಡಿಸಿ ನೋಡಿದಳು. ಹತ್ತರಲ್ಲಿ ಮೂರು ಕೂಡಿದ್ದವು.

"ಉದ್ದ" ಎಂದಳು ಅಕ್ಕ ಕೊನೆಗೆ. "ಲಕೋಟೆ ಮೇಲೆ ಮೀನಿನ ಉದ್ದ ಇರುತ್ತಲ್ಲ. ನಾನೇ ಅಳೆದು ಬರೆದದ್ದು. ಉದ್ದ ನೋಡಿದ ತಕ್ಷಣ ಮನಸ್ಸಿಗೆ ಒಂದು ಅಂದಾಜು ಬರುತ್ತೆ. ಅಷ್ಟು ಉಂಗುರ ಕಾಣುತ್ತೆ. ಕಾಣುತ್ತೆ ಕಣೋ. ನಾನು ಸುಳ್ಳು ಬರೀಲಿಲ್ಲ."

"ಗೊತ್ತು ಅಕ್ಕಾ."

"ನಿನಗೇನು ಗೊತ್ತು" ಎಂದಳು. ಅದರಲ್ಲಿ ಮೊದಲ ಸಲ ಸಿಟ್ಟು ಕೇಳಿಸಿತು. "ಮುಂದಿನ ತಿಂಗಳು ಥೀಸಿಸ್ ಕೊಡಬೇಕು. ಮಗಳು ನನ್ನನ್ನ ಅಮ್ಮ ಅನ್ನೋ ಮೊದಲು ಅಜ್ಜೀನ ಅಮ್ಮ ಅಂದಳು, ಗೊತ್ತಾ? ಈ ಕೋಣೇಲಿ ಕೂತಿದ್ದೆ ನಾನು ಅವಾಗ." ಲಕೋಟೆಗಳನ್ನು ಜೋಡಿಸಿ, ಅಂಚು ಸಮಮಾಡಿ, ಮತ್ತೆ ಕೆದರಿ, ಮತ್ತೆ ಜೋಡಿಸಿದಳು. "ಸರ್‌ಗೆ ಹೇಳ್ತೀಯಾ?"

ಅವನು ಬಂದದ್ದು ತನ್ನ ಒಂದು ಸಣ್ಣ ಪಾಪವನ್ನು ಇಳಿಸಿಹೋಗಲು. ಇಳಿಸಿದ್ದು ಅವಳ ತಲೆ ಮೇಲೆ ಬಿತ್ತು. ಹತ್ತೊಂಬತ್ತು ವರ್ಷದ ತನ್ನನ್ನು ಮೂವತ್ತನಾಲ್ಕರ ಹೆಂಗಸು ಹೀಗೆ, ಕೆಳಗಿನಿಂದ, ಕೇಳಿಕೊಳ್ಳುವ ಕಣ್ಣಿನಿಂದ ನೋಡುವುದನ್ನು ಅವನಿಗೆ ತಾಳಲಾಗಲಿಲ್ಲ. ಗೋಲಿ ಎಂದು ಬೈದಿದ್ದ ಬಾಯಿ ಅದು. ಈಗಲೂ ಹಾಗೆ ಬೈದುಬಿಡಲಿ ಎಂದು ಆಸೆಪಟ್ಟ. "ನನ್ನ ವಿಷಯ ಅಷ್ಟೇ ಹೇಳ್ತೀನಿ ಅಕ್ಕಾ. ನಿಮ್ಮದು ಹೇಳಲ್ಲ" ಎಂದ. ಹಾಗೆ ಎರಡನ್ನು ಬೇರೆ ಮಾಡಲು ಬರುತ್ತದೆಯೆಂದು ಆ ಕ್ಷಣ ನಿಜವಾಗಿ ನಂಬಿದ್ದ. ಅಕ್ಕ ಯಂತ್ರ ಹಾಕಿದಳು. ಅದರ ಬಾಯಿಗೆ ಕಲ್ಲೇ ಇಟ್ಟಿರಲಿಲ್ಲ. ಗರಗಸ ಬರಿದೇ ತಿರುಗಿತು.

ಪ್ರೊಫೆಸರರು ಪ್ರಬಂಧದ ಪ್ರತಿ ತಿದ್ದುತ್ತ ಕೂತಿದ್ದರು. "ಏನಯ್ಯಾ, ಸಹಿ ಆಯ್ತಾ?" ಎಂದರು. ಅವನು ತನ್ನ ವಿಷಯವಷ್ಟೇ ಹೇಳಿದ. ಈ ಸಲ ಮಾತು ತಿರುಗುಮುರುಗಾಗಲಿಲ್ಲ, ಎರಡೇ ವಾಕ್ಯದಲ್ಲಿ ಮುಗಿದುಹೋಯಿತು. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿದರು. "ಎಷ್ಟು ದಿನದಿಂದ ಗೊತ್ತಿತ್ತು ನಿನಗೆ?" "ನಾಲ್ಕು ತಿಂಗಳು ಸರ್." "ಇವತ್ತು ಐದು ಗಂಟೆಗೆ ಕಳಿಸಬೇಕು ಅಂದಾಗ ನಿನಗೆ ಧರ್ಮ ನೆನಪಾಯ್ತು." ಅವನು ನೆಲ ನೋಡಿದ. ನೆಲದಲ್ಲಿ ಒಂದು ಹೆಂಚು ಬಿರುಕು ಬಿಟ್ಟಿತ್ತು. ಆ ಬಿರುಕಿನಲ್ಲೂ ಕಣ್ಣು ಗೆರೆ ಎಣಿಸಲು ಹೊರಟಿತು. "ನಾನು ಬೇಡ ಸರ್. ನನ್ನ ಹೆಸರು ತೆಗೆದುಬಿಡಿ." "ಹೆಸರು ತೆಗೆದರೆ ಆಯ್ತಾ? ಎರಡನೇ ಓದು ಯಾರದ್ದು ಅಂತ ಬರೀಲಿ, ನಮ್ಮಪ್ಪಂದಾ?" ಎಂದು ಎದ್ದರು. ಕೋಣೆಯ ಉದ್ದಕ್ಕೂ ಎರಡು ಸಲ ನಡೆದು ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ಸಿಟ್ಟು ಇಳಿಯುವುದು ಮುಖದಲ್ಲೇ ಕಂಡಿತು. "ನೋಡು. ಇಷ್ಟು ದಿನದಲ್ಲಿ ನಿನ್ನ ಕಣ್ಣು ಪಳಗಿರುತ್ತೆ. ನೀನೇ ಸುಮ್ಮನೆ ಸಂಶಯಪಡ್ತಿದ್ದೀಯ. ಎರಡೂ ಕಿವಿಯ ಕಲ್ಲು ಸೀಳಿಟ್ಟಿರೋ ಮೀನು ಒಂದಿಪ್ಪತ್ತು ಇವೆ, ಯಾರೂ ಓದಿಲ್ಲ. ಎಡದ್ದು ಅವಳಿಗೆ, ಬಲದ್ದು ನಿನಗೆ; ಒಂದೇ ಮೀನು, ಎರಡರಲ್ಲೂ ಉಂಗುರ ಅಷ್ಟೇ ಇರಬೇಕು. ಲಕೋಟೆ ಇಲ್ಲ, ಉದ್ದ ಇಲ್ಲ, ಏನೂ ಇಲ್ಲ. ನನ್ನ ಮುಂದೆ ಕೂತು ಓದಿ. ಕೂಡಿದರೆ ಕಳಿಸ್ತೀನಿ. ಕೂಡಲಿಲ್ಲ ಅಂದ್ರೆ," ಎಂದು ಪೆನ್ನು ಜೇಬಿಗೆ ಸಿಕ್ಕಿಸಿದರು. ಬಾಗಿಲಿಗೆ ಹೋಗಿ ಅಕ್ಕನನ್ನು ಕೂಗಿದರು.

ಎರಡು ಮೇಜು, ಎರಡು ಸೂಕ್ಷ್ಮದರ್ಶಕ, ಬೆನ್ನಿಗೆ ಬೆನ್ನು. ನಡುವೆ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು ಪ್ರೊಫೆಸರರು, ತೊಡೆಯ ಮೇಲೆ ಪ್ರಬಂಧದ ಪುಟಗಳು. ಅಕ್ಕ ಒಳಗೆ ಬರುವಾಗ ಅವನ ಕಡೆ ನೋಡಲಿಲ್ಲ. "ಒಂದು" ಎಂದರು ಅವರು. ಅವನು ಕಣ್ಣು ಒತ್ತಿಟ್ಟ. ಮೊದಲ ದಿನದ ಅದೇ ಬೂದು ಕೆಸರು. ನಾಲ್ಕು ತಿಂಗಳು ಎಲ್ಲೂ ಇರಲಿಲ್ಲವೆಂಬಂತೆ. ಎರಡು ಎಂದರೆ ಎರಡು, ಒಂಬತ್ತು ಎಂದರೆ ಒಂಬತ್ತು. ಬೆನ್ನ ಹಿಂದೆ ಅಕ್ಕನ ಪೆನ್ಸಿಲು ಮೇಜಿಗೆ ಮೆಲ್ಲಗೆ ತಾಗಿತು. ನಾಲ್ಕು ಸಲ. ಅವಳು ತನಗೆ ತಾನೇ ಎಣಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ಸುಮ್ಮನೆ ಆರು ಎಂದು ಬರೆಯಹೊರಟವನು ತಡೆದುಕೊಂಡ. ಮತ್ತೆ ನೋಡಿದ. ನಾಲ್ಕು ಇತ್ತು. ನಾಲ್ಕು ಎಂದು ಬರೆದ. "ಎರಡು" ಎಂದರು ಅವರು. ಪೆನ್ಸಿಲು ಮೂರು ಸಲ ತಾಗಿ ನಿಂತಾಗ ಅವನಿಗೆ ಅರ್ಥವಾಯಿತು. ಅವಳಿಗೂ ಏನೂ ಕಾಣುತ್ತಿಲ್ಲ. ಬಾಯಿಗೆ ಬಂದ ಅಂಕಿಯೊಂದನ್ನು ಹಿಡಿದು ಅವನ ಕಡೆ ಚಾಚುತ್ತಿದ್ದಾಳೆ, ಅಷ್ಟೆ. ಪ್ರೊಫೆಸರರಿಗೆ ಕೇಳಿಸದೆ ಇರಲು ಸಾಧ್ಯವಿತ್ತೇ? ಅವರು ಪುಟ ಮಗುಚಿದರು. ಅವನು ಮೂರು ಎಂದು ಬರೆದ. ಆಮೇಲೆ ಆರು, ಆರು, ಎರಡು, ಐದು. ಬರೆಯುತ್ತ ಬರೆಯುತ್ತ ಒಂದು ಬಗೆಯ ಹಗುರ ಬಂತು. ಹೀಗೆಯೇ ಮುಗಿದುಹೋಗುತ್ತದೆ, ತಾನು ಏನೂ ಮಾಡಬೇಕಾಗಿಲ್ಲ ಎಂಬ ಹಗುರ.

ಏಳನೆಯ ಕಲ್ಲನ್ನು ಇಡುವಾಗ ಪಟ್ಟಿ ಸ್ವಲ್ಪ ಓರೆಯಾಯಿತೋ, ಕಿಟಕಿಯ ಬೆಳಕು ಬಿದ್ದಿತೋ, ಅಥವಾ ಅವನು ಏನನ್ನೂ ಹುಡುಕದೆ ಕಣ್ಣಿಟ್ಟದ್ದಕ್ಕೋ, ಕೆಸರು ತಿಳಿಯಾಯಿತು. ನಡುವಿನಲ್ಲಿ ಒಂದು ಚುಕ್ಕೆ, ಅದರ ಸುತ್ತ ಕಪ್ಪು, ಬಿಳಿ, ಕಪ್ಪು. ಉಂಗುರವೆಂದರೆ ಇದು. ಇಷ್ಟು ದಿನ ಕಂಡದ್ದು ಯಾವುದೂ ಇದಾಗಿರಲಿಲ್ಲ. ಹೊರಗೆ ಹೋದ ಹಾಗೆಲ್ಲ ಒತ್ತೊತ್ತಾಗಿ, ಒಂದೂ ಇನ್ನೊಂದನ್ನು ಮುಟ್ಟದೆ, ಆ ಮೀನು ಬದುಕಿದ್ದ ಒಂದೊಂದು ವರ್ಷವೂ ಅಲ್ಲಿತ್ತು. ಏಳು. ಅಂಚಿನಿಂದ ಒಳಕ್ಕೆ ಎಣಿಸಿದ. ಏಳೇ. ಯಾರೂ ಹೇಳಿಕೊಡದೆ, ಯಾವ ಅಂಕಿಯೂ ಇಲ್ಲದೆ, ಅವನೊಬ್ಬನೇ ನೋಡಿದ್ದು. ಅವನ ಕಣ್ಣಲ್ಲಿ ನೀರು ತುಂಬಿ ಉಂಗುರ ಕದಡಿತು. ಒರೆಸಿಕೊಂಡು ಮತ್ತೆ ನೋಡಿದ. ಹಾಗೇ ಇತ್ತು.

ಹಿಂದಿನಿಂದ ಪೆನ್ಸಿಲು ತಾಗಿತು. ನಾಲ್ಕು ಸಲ. ಒಂದು ಉಸಿರಿನ ಅಂತರ. ಇನ್ನೊಂದು. ಐದು.

ಅವನು ಕಾದ. ತನ್ನ ಬೆರಳಿನಿಂದ ಏಳು ಸಲ ತಟ್ಟಬಹುದಿತ್ತು, ಅವಳು ತಿದ್ದಿಕೊಳ್ಳುತ್ತಿದ್ದಳು. ಬೆರಳು ಮೇಜಿನ ಮೇಲೆಯೇ ಇತ್ತು. ಅದನ್ನು ಎತ್ತಲು ಹೋದರೆ ಅದು ಬೇರೆ ಯಾರದ್ದೋ ಎಂಬಷ್ಟು ಭಾರ. ಅಕ್ಕ ಬರೆಯುವ ಸದ್ದು ಕೇಳಿಸಿತು, ಬರೆದು ಪೆನ್ಸಿಲು ಕೆಳಗಿಟ್ಟ ಸದ್ದೂ. ಪ್ರೊಫೆಸರರು ಪುಟ ಮಗುಚುವುದು ನಿಂತು ಬಹಳ ಹೊತ್ತಾಗಿತ್ತು. ಅವನು ಒಂದು ಕಣ್ಣನ್ನು ಗಾಜಿನಿಂದ ತೆಗೆಯದೆ, ಏಳು ಉಂಗುರವನ್ನೂ ನೋಡುತ್ತಲೇ, ಐದು ಎಂದು ಬರೆದ.

"ಮುಂದಿನದು" ಎಂದರು ಪ್ರೊಫೆಸರರು.